ತಾರಸಿಗೆ ಹೊತ್ತದ್ದು, ತಾರಸಿಯಲ್ಲಿ ಬೆಳೆದದ್ದು

ಬೆಂಗಳೂರಿನ 30×40 ನಿವೇಶನದಲ್ಲಿ ಮನೆ ಕಟ್ಟಿದವರಿಗೆ ಮಣ್ಣು ಎಂದು ಉಳಿಯುವುದು ಗೇಟಿನ ಪಕ್ಕದ ಗೇಣಗಲ ಜಾಗ. ನಮ್ಮದೂ ಅಂಥದೇ ಮನೆ. ಆ ಗೇಣಗಲದಲ್ಲಿ ಒಂದು ಕರಿಬೇವು, ಒಂದು ದಾಸವಾಳ ಇವೆ. ಮಿಕ್ಕಿದ್ದೆಲ್ಲ ತಾರಸಿಯ ಮೇಲೆ. ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿ, ಇವುಗಳ ನಡುವೆ ಸಿಕ್ಕಷ್ಟು ಜಾಗದಲ್ಲಿ ನಮ್ಮ ಸೊಪ್ಪು, ತರಕಾರಿ. ಇಷ್ಟು ವರ್ಷ ಮಾಡಿಕೊಂಡು ಬಂದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಒಂದೇ: ಹೊರಗಿನಿಂದ ಕೊಂಡು ಮೇಲಕ್ಕೆ ಹೊರುವುದು ಕಡಿಮೆಯಾದಷ್ಟೂ ತೋಟ ಸುಧಾರಿಸುತ್ತದೆ. ಇದು ನನಗೆ ತಿಳಿದದ್ದು ತಡವಾಗಿ, ಬೇಕಾದಷ್ಟು ಹಣವನ್ನೂ ಗಿಡಗಳನ್ನೂ ಕಳೆದುಕೊಂಡ ಮೇಲೆ. ಹೊಸದಾಗಿ ಶುರು ಮಾಡುವವರಿಗೆ ಆ ನಷ್ಟ ತಪ್ಪಲಿ ಎಂದು ಬರೆಯುತ್ತಿದ್ದೇನೆ. ನಾನು ಕೃಷಿ ಓದಿದವಳಲ್ಲ. ತಿಳಿದವರು ತಿದ್ದಿದರೆ ಸಂತೋಷ.

1. ಚೀಲ ಕೊಳ್ಳುವ ಮೊದಲು ತೂಕದ ಲೆಕ್ಕ ಹಾಕಿ

ಮೊದಮೊದಲು ನಾನು ತಂದದ್ದೆಲ್ಲ 15 ಇಂಚು ಅಗಲ, 15 ಇಂಚು ಎತ್ತರದ ದೊಡ್ಡ ಚೀಲಗಳು. ಒಂದು ಲೋಡು ಕೆಂಪು ಮಣ್ಣು ತರಿಸಿ, ಕಂಠಮಟ್ಟ ತುಂಬಿಸಿ, ತಾರಸಿಯ ನಟ್ಟನಡುವೆ ಒತ್ತೊತ್ತಾಗಿ ಇಟ್ಟೆ. ಬೇರೇನೋ ಕೆಲಸಕ್ಕೆ ಬಂದಿದ್ದ ಮೇಸ್ತ್ರಿಯೊಬ್ಬರು ಅದನ್ನು ನೋಡಿ, "ಅಮ್ಮಾ, ಮೊದ್ಲು ಇವನ್ನೆಲ್ಲ ಗೋಡೆ ಇರೋ ಕಡೆಗೆ ಸರಿಸ್ಬಿಡಿ. ನಡುವೆ ಇಡೋ ಭಾರ ಅಲ್ಲ ಇದು" ಎಂದರು.

ಆಮೇಲೆ ಕೂತು ಲೆಕ್ಕ ಹಾಕಿದೆ. ಅಂಥ ಒಂದು ಚೀಲಕ್ಕೆ ಸುಮಾರು 43 ಲೀಟರ್ ಮಣ್ಣು ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 70 ಕಿಲೋ ಹತ್ತಿರ ಬರುತ್ತದೆ. ಒಂದು ಚದರ ಮೀಟರಿನಲ್ಲಿ ನಾಲ್ಕು ಚೀಲ ಒತ್ತಿ ಇಟ್ಟರೆ 280 ಕಿಲೋ ಆಯಿತು. ಜನ ಓಡಾಡುವ ತಾರಸಿಗೆ ಐಎಸ್ 875 ಮಾನಕ ಇಟ್ಟುಕೊಳ್ಳುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ನಾನು ಅದರ ಎರಡು ಪಟ್ಟಿಗೆ ಹತ್ತಿರ ಹೇರಿದ್ದೆ. ಹಗುರವಾದ ಮಿಶ್ರಣವನ್ನೇ ಆರಿಂಚು ಆಳಕ್ಕೆ ಹರಡಿದರೂ, ಒದ್ದೆಯಾದಾಗ ಅದು ಚದರ ಮೀಟರಿಗೆ 150 ಕಿಲೋ ಮುಟ್ಟುತ್ತದೆ. ಹಾಗಾಗಿ ತಾರಸಿಯಲ್ಲಿ ಅರ್ಧ ಜಾಗವಾದರೂ ಖಾಲಿ ಇರಬೇಕು, ಭಾರದ ಕುಂಡಗಳು ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನಲ್ಲೇ ಕೂರಬೇಕು. ಹಳೆಯ ಕಟ್ಟಡವಾದರೆ ಒಬ್ಬ ಇಂಜಿನಿಯರಿಗೆ ತೋರಿಸಿಯೇ ಮುಂದುವರಿಯಿರಿ. ಗಿಡದ ಮೇಲಿನ ಆಸೆಗಿಂತ ಕೆಳಗೆ ಮಲಗಿರುವವರ ತಲೆ ದೊಡ್ಡದು.

ಇನ್ನೊಂದು ಮಾತು. ಕುಂಡಗಳನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಇಟ್ಟಿಗೆಯೋ ಕಬ್ಬಿಣದ ಸ್ಟ್ಯಾಂಡೋ ಇಟ್ಟು, ಪೊರಕೆ ಆಡುವಷ್ಟು ಎತ್ತರಿಸಿ. ಮಣ್ಣು ಬಸಿದು ಬಂದು ಮಳೆನೀರಿನ ಪೈಪಿನ ಬಾಯಿ ಕಟ್ಟಿಕೊಂಡರೆ ತಾರಸಿಯೇ ಕೆರೆಯಾಗುತ್ತದೆ. ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ತೇವ ಇಳಿದದ್ದು ಹಾಗೆಯೇ.

2. ಮಣ್ಣು ಹಗುರವಾಗಿರಲಿ, ಆದರೆ ಮಣ್ಣಾಗಿಯೇ ಇರಲಿ

ತೂಕಕ್ಕೆ ಹೆದರಿದ ಮೇಲೆ ನಾನು ಇನ್ನೊಂದು ತುದಿಗೆ ಹೋದೆ. ತೆಂಗಿನ ನಾರಿನ ಪುಡಿಯ ಇಟ್ಟಿಗೆಗಳನ್ನು ತಂದು ನೆನೆಸಿ, ಅದನ್ನೇ ಮುಕ್ಕಾಲು ಭಾಗ ತುಂಬಿದೆ. ಈ ಕೋಕೋಪೀಟು ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದುಕೊಳ್ಳುತ್ತದೆ, ಹಗುರವಾಗಿದೆ, ಎಲ್ಲ ಸರಿ. ಆದರೆ ಅದರಲ್ಲಿ ಗಿಡಕ್ಕೆ ಆಹಾರವೆಂಬುದು ಬಹಳ ಕಡಿಮೆ. ಜತೆಗೆ ಉಪ್ಪುನೀರಿನಲ್ಲಿ ನೆನೆಹಾಕಿದ ನಾರಿನಿಂದ ಬಂದದ್ದಾದರೆ ಉಪ್ಪಿನ ಅಂಶ ಉಳಿದಿರುತ್ತದೆ. ನನ್ನ ಮೆಣಸಿನ ಸಸಿಗಳು ತುದಿ ಸುಟ್ಟುಕೊಂಡು ನಿಂತಲ್ಲೇ ನಿಂತವು. ನಾನು ಇನ್ನಷ್ಟು ಗೊಬ್ಬರ ಸುರಿದೆ, ಅವು ಇನ್ನಷ್ಟು ಸೊರಗಿದವು.

ಈಗ ಮಾಡುವುದು ಇಷ್ಟು: ನಾರಿನ ಪುಡಿಯನ್ನು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು ಹಿಂಡುತ್ತೇನೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮಾಗಿದ ಕಾಂಪೋಸ್ಟು, ಒಂದು ಪಾಲಿಗಿಂತ ಕಡಿಮೆ ನಾರಿನ ಪುಡಿ, ಮೇಲೆ ಒಂದೆರಡು ಹಿಡಿ ಬೇವಿನ ಹಿಂಡಿ. ಹಿಡಿಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಬೆರಳಿನಲ್ಲಿ ತಟ್ಟಿದರೆ ಒಡೆಯಬೇಕು. ಬೆಳೆ ಮುಗಿದ ಮಣ್ಣನ್ನು ನಾನು ಈಗ ಎಸೆಯುವುದಿಲ್ಲ. ಬೇರು ಆರಿಸಿ, ಬಿಸಿಲಿಗೆ ಹರಡಿ, ಮತ್ತೆ ಕಾಂಪೋಸ್ಟು ಬೆರೆಸಿಕೊಳ್ಳುತ್ತೇನೆ. ಹೊಸ ಮಣ್ಣಿನ ಲೋಡು ತರಿಸುವುದು ನಿಂತು ಬಹಳ ಕಾಲವಾಯಿತು.

3. ಸೊಪ್ಪಿನಿಂದ ಶುರು ಮಾಡಿ

ನಾನು ಶುರು ಮಾಡಿದ್ದು ಟೊಮ್ಯಾಟೊ, ದೊಣ್ಣೆಮೆಣಸಿನಕಾಯಿ, ಬ್ರೊಕೊಲಿಯಿಂದ. ಬೀಜದ ಪೊಟ್ಟಣದ ಮೇಲಿನ ಚಿತ್ರ ನೋಡಿ ಕೊಂಡದ್ದು. ಟೊಮ್ಯಾಟೊ ಗಿಡಗಳ ಎಲೆ ಮುದುರಿಕೊಂಡವು. ಅದು ಬಿಳಿನೊಣ ಹರಡುವ ನಂಜುರೋಗ ಎಂದು ತಿಳಿಯುವ ಹೊತ್ತಿಗೆ ಎಲ್ಲ ಗಿಡಕ್ಕೂ ಅಂಟಿತ್ತು. ಬ್ರೊಕೊಲಿ ಏಪ್ರಿಲ್ ಬಿಸಿಲಿಗೆ ತಲೆಯೇ ಕಟ್ಟಲಿಲ್ಲ. ಆ ಬೇಸಿಗೆಯಲ್ಲಿ ನನಗೆ ಬಂದದ್ದು ನಿಜವಾದ ನಿರಾಶೆ. ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಚೀಲಗಳನ್ನು ಮೂಲೆಗೆ ಸೇರಿಸಿದ್ದೆ.

ಮತ್ತೆ ಹಿಡಿಸಿದವರು ನಮ್ಮ ಅತ್ತೆ. ಚನ್ನಪಟ್ಟಣದ ಕಡೆಯವರು. ಒಮ್ಮೆ ನಾನು ಆ ಪಾಳು ಬಿಟ್ಟ ಚೀಲಗಳಲ್ಲಿ ಎದ್ದಿದ್ದ ಕಳೆ ಕಿತ್ತು ರಾಶಿ ಹಾಕುತ್ತಿದ್ದೆ. ಅವರು ಬಂದು ನೋಡಿ, "ಇದನ್ಯಾಕಮ್ಮ ಕಿತ್ತು ಬಿಸಾಕ್ತಿದ್ದೀಯ? ಗೋಣಿಸೊಪ್ಪಲ್ವಾ ಇದು!" ಎಂದವರೇ ಸೆರಗಿಗೆ ತುಂಬಿಕೊಂಡು ಕೆಳಗಿಳಿದರು. ಅವತ್ತು ಮಧ್ಯಾಹ್ನ ಅದರದೇ ಮಸ್ಸೊಪ್ಪು. ನಾನು ಹಣ ಕೊಟ್ಟು ತಂದದ್ದು ಒಣಗಿತ್ತು, ಬಿತ್ತದೇ ಬಂದದ್ದು ಊಟಕ್ಕೆ ಬಂತು.

ಸೊಪ್ಪಿಗೆ ಆರಿಂಚು ಮಣ್ಣು ಸಾಕು. ಹಾಗಾಗಿ ಭಾರವೂ ಕಡಿಮೆ. ಮೆಂತ್ಯ ಮೂರು ವಾರಕ್ಕೆ ಕೈಗೆ ಬರುತ್ತದೆ, ಹರಿವೆ ತಿಂಗಳೊಳಗೆ. ಬಸಳೆಗೆ ಬೀಜವೂ ಬೇಡ. ಅಂಗಡಿಯಿಂದ ತಂದ ಸೊಪ್ಪಿನ ಬಲಿತ ಕಡ್ಡಿ ಚುಚ್ಚಿದರೆ ಹತ್ತಿಕೊಳ್ಳುತ್ತದೆ. ನೆರಳು ಹೆಚ್ಚಿರುವ ಮೂಲೆಯಲ್ಲಿ ಒಂದೆಲಗ ಹರಡುತ್ತದೆ, ಎಲ್ಲಿಟ್ಟರೂ ದೊಡ್ಡಪತ್ರೆ ಬದುಕುತ್ತದೆ. ಕೊತ್ತಂಬರಿ ಮೊಳೆಯುವುದಿಲ್ಲ ಎಂದು ಬೇಸರಪಡುವವರು ಕಾಳನ್ನು ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ ನೋಡಿ. ಒಂದೊಂದು ಕಾಳಿನೊಳಗೂ ಎರಡು ಬೀಜ ಇರುತ್ತವೆ. ಆಮೇಲೂ ಹತ್ತು ದಿನದ ತಾಳ್ಮೆ ಬೇಕು.

ಚಕ್ರಮುನಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. 'ವಿಟಮಿನ್ ಸೊಪ್ಪು' ಎಂದು ಎಲ್ಲರೂ ಹೊಗಳುವ ಗಿಡ, ಒಂದು ಕಡ್ಡಿ ನೆಟ್ಟರೆ ವರ್ಷಗಟ್ಟಲೆ ಚಿಗುರುತ್ತದೆ. ಆದರೆ 1990ರ ದಶಕದ ನಡುವೆ ತೈವಾನಿನಲ್ಲಿ, ಮೈ ಇಳಿಸಿಕೊಳ್ಳಲೆಂದು ಇದರ ಹಸಿ ರಸವನ್ನು ದಿನವೂ ಕುಡಿದವರಲ್ಲಿ ಅನೇಕರ ಶ್ವಾಸಕೋಶ ಶಾಶ್ವತವಾಗಿ ಕೆಟ್ಟಿತು. ನಾವು ಅದನ್ನು ಬೇಯಿಸಿ, ಪಲ್ಯಕ್ಕೆ ಬೇರೆ ಸೊಪ್ಪಿನ ಜತೆ ಬೆರೆಸಿ ಅಪರೂಪಕ್ಕೆ ತಿನ್ನುತ್ತೇವೆ. ಹಸಿ ರಸದ ಸಹವಾಸಕ್ಕೆ ಹೋಗುವುದಿಲ್ಲ.

ಊರೊಳಗೆ ಬೆಳೆಯುವುದು ಬೆಂಗಳೂರಿಗೆ ಹೊಸತೇನೂ ಅಲ್ಲ. ಕರಗ ಹೊರುವ ತಿಗಳ ಸಮುದಾಯದವರು ತಲೆಮಾರುಗಳ ಕಾಲ ಕೆರೆಗಳ ಅಂಚಿನಲ್ಲಿ ಹೂವು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಕೊಟ್ಟವರು. ಅಂಥ ಒಂದು ಕೆರೆ ಸಂಪಂಗಿ. ಆ ಜಾಗದಲ್ಲೀಗ ಕಂಠೀರವ ಕ್ರೀಡಾಂಗಣವಿದೆ. ನೆಲ ಹೋದ ಮೇಲೆ ನಾವು ತಾರಸಿಗೆ ಹತ್ತಿದ್ದೇವೆ, ಅಷ್ಟೇ. ಬೆಳೆಯಲು ಗೊತ್ತಿದ್ದವರು ಮೊದಲೇ ಇಲ್ಲಿದ್ದರು.

4. ಕೊಳೆಯುವುದಕ್ಕೂ ಗಾಳಿ ಬೇಕು

ಈ ಊರಿನ ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದು ಅದನ್ನು ಸುರಿಸಿಕೊಳ್ಳುತ್ತಿದ್ದ ಮಾವಳ್ಳಿಪುರ ಮತ್ತು ಮಂಡೂರಿನ ಜನ ಸಾಕು ಎಂದು ರಸ್ತೆಗಿಳಿದಾಗ. ಮಾವಳ್ಳಿಪುರಕ್ಕೆ ಲಾರಿಗಳು ಹೋಗುವುದು 2012ರಲ್ಲಿ ನಿಂತಿತು, ಮಂಡೂರಿಗೆ 2014ರ ಕೊನೆಯಲ್ಲಿ. ಅವರ ಬಾವಿ ಕೆಡಿಸಿದ್ದು ನಮ್ಮ ಅಡುಗೆಮನೆಯ ಸಿಪ್ಪೆ ಎಂಬುದು ಮನಸ್ಸಿಗೆ ನಾಟಿತು. ಅದೇ ವಾರ ಒಂದು ಪ್ಲಾಸ್ಟಿಕ್ ಡ್ರಮ್ಮು ತಂದು ಹಸಿ ಕಸ ತುಂಬತೊಡಗಿದೆ.

ಉತ್ಸಾಹ ಇತ್ತು, ತಿಳಿವಳಿಕೆ ಇರಲಿಲ್ಲ. ಡ್ರಮ್ಮಿಗೆ ತೂತು ಮಾಡಲಿಲ್ಲ, ಒಣಗಿದ್ದು ಏನನ್ನೂ ಹಾಕಲಿಲ್ಲ, ಮುಚ್ಚಳ ಬಿಗಿಯಾಗಿ ಹಾಕಿಟ್ಟೆ. ಕೆಲವೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಪಕ್ಕದ ಮನೆಯವರೆಗೆ ಹೋಯಿತು. ತೆಗೆದು ನೋಡಿದರೆ ತುಂಬ ಹುಳ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಏನ್ರೀ ಇದು, ಕಿಟಕಿ ತೆಗಿಯೋ ಹಾಗಿಲ್ಲವಲ್ಲ" ಎಂದಾಗ ತಲೆ ತಗ್ಗಿಸಿ ನಿಂತೆ. ಅಷ್ಟನ್ನೂ ಮತ್ತೆ ಕಸದ ಗಾಡಿಗೇ ಹಾಕಬೇಕಾಯಿತು.

ಅಡುಗೆಮನೆಯ ಕಸದ ಬಹುಪಾಲು ನೀರು. ಗಾಳಿಯಾಡದ ಕಡೆ ಅದು ಕೊಳೆಯುವ ರೀತಿಯೇ ಬೇರೆ, ನಾತ ಬರುವುದು ಅದರಿಂದ. ಒಳ್ಳೆಯ ಜೀವಾಣುಗಳಿಗೆ ಸಾರಜನಕ ಒಂದು ಭಾಗವಿದ್ದರೆ ಇಂಗಾಲ 25ರಿಂದ 30 ಭಾಗ ಬೇಕು. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಹಾಗಾಗಿ ಒಂದು ಬಟ್ಟಲು ಸಿಪ್ಪೆಗೆ ಒಂದೂವರೆ ಎರಡು ಬಟ್ಟಲು ಪುಡಿ ಮಾಡಿದ ಒಣ ಎಲೆ, ಮೇಲೊಂದು ಹಿಡಿ ಹಳೆಯ ಕಾಂಪೋಸ್ಟು ಅಥವಾ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಘಾಟಿನ ವಾಸನೆ ಬಂದರೆ ಒಣ ಎಲೆ ಸಾಲದು ಎಂದು ಅರ್ಥ. ಏನೂ ಆಗದೆ ಹಾಗೇ ಕೂತಿದ್ದರೆ ತೇವ ಸಾಲದು. ಆವತ್ತು ನಾನು ಹೆದರಿದ ಬೂದು ಬಣ್ಣದ ದಪ್ಪ ಹುಳಗಳು ಬಹುಶಃ ಕಪ್ಪು ಸೈನಿಕ ನೊಣದ ಮರಿಗಳು. ಅವು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ, ಕಸವನ್ನು ಬೇಗ ಬೇಗ ತಿಂದು ಮುಗಿಸುತ್ತವೆ. ಒಣ ಎಲೆ ಹೆಚ್ಚಿಸಿದರೆ ತಾವಾಗಿ ಕಡಿಮೆಯಾಗುತ್ತವೆ.

ಒಣ ಎಲೆ ಎಲ್ಲಿಂದ? ನಮ್ಮ ಬೀದಿಗಳಲ್ಲಿ ಹೊಂಗೆ, ಮಳೆಮರಗಳು ಫೆಬ್ರುವರಿ–ಮಾರ್ಚಿನಲ್ಲಿ ಎಲೆ ಉದುರಿಸುತ್ತವೆ. ಅದನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಇಡುವುದನ್ನು ಈಗಲೂ ಕಾಣುತ್ತೇವೆ. ಬೀದಿ ಗುಡಿಸುವ ಪೌರಕಾರ್ಮಿಕರ ಹತ್ತಿರ ಮಾತಾಡಿ, ನಾಲ್ಕು ಗೋಣಿಚೀಲ ಕೊಟ್ಟಿಡಿ. ನಮ್ಮ ಬೀದಿಯಲ್ಲಿ ಅವರೇ ತುಂಬಿ ಗೇಟಿನ ಹತ್ತಿರ ಇಟ್ಟುಹೋಗುತ್ತಾರೆ. ಒಂದು ಋತುವಿನ ಎಲೆ ವರ್ಷಕ್ಕಾಗುತ್ತದೆ. ಸರಿಯಾಗಿ ಮಾಡುವುದನ್ನು ಕಣ್ಣಾರೆ ನೋಡಬೇಕೆನ್ನುವವರು ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಬಗೆಬಗೆಯ ಕಾಂಪೋಸ್ಟು ಪಾತ್ರೆಗಳನ್ನು ಅಲ್ಲಿ ಒಂದೇ ಕಡೆ ನೋಡಬಹುದು.

ಕಾಂಪೋಸ್ಟು ಪೂರ್ತಿ ಮಾಗುವ ತನಕ ಕಾಯಿರಿ. ಅರ್ಧ ಮಾಗಿದ್ದನ್ನು ಬದನೆ ಸಸಿಗಳಿಗೆ ಹಾಕಿ ಅಷ್ಟೂ ಹಳದಿಯಾಗುವುದನ್ನು ನೋಡಿದ್ದೇನೆ. ಕೊಳೆಯುತ್ತಿರುವ ವಸ್ತು ಮಣ್ಣಿನ ಸಾರಜನಕವನ್ನು ತಾನೇ ಎಳೆದುಕೊಳ್ಳುತ್ತದೆ. ಮಳೆ ಬಿದ್ದ ನೆಲದ ವಾಸನೆ ಬಂದರೆ, ಸಿಪ್ಪೆ ಯಾವುದು ಎಲೆ ಯಾವುದು ಗುರುತು ಸಿಗದಿದ್ದರೆ, ಆಗ ತೆಗೆಯಿರಿ.

5. ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಡಿ

ನನ್ನ ಕೈಯಲ್ಲಿ ಬಾಯಾರಿ ಸತ್ತ ಗಿಡಗಳಿಗಿಂತ ನೀರು ಹೆಚ್ಚಾಗಿ ಸತ್ತವೇ ಹೆಚ್ಚು. ಬೆಳಿಗ್ಗೆ ಎದ್ದು ಪೈಪು ಹಿಡಿಯುವುದು ಒಂದು ಅಭ್ಯಾಸವಾಗಿಬಿಟ್ಟಿತ್ತು. ಈಗ ಬೆರಳನ್ನು ಎರಡು ಗಿಣ್ಣಿನ ತನಕ ಮಣ್ಣಿಗಿಳಿಸಿ, ಒಳಗೆ ಒಣಗಿದ್ದರೆ ಮಾತ್ರ ಹಾಕುತ್ತೇನೆ. ಒಂದು ದಿನ ಒಣಗಿಸಿ ಇನ್ನೊಂದು ದಿನ ಕೊಚ್ಚಿಹೋಗುವಂತೆ ಸುರಿಯುವುದೂ ಕೆಟ್ಟದ್ದೇ. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಕೊಳೆತಾಗ ಸುಣ್ಣದ ಕೊರತೆ ಎಂದು ಓದಿ ಮೊಟ್ಟೆಚಿಪ್ಪಿನ ಪುಡಿ ಹಾಕಿದ್ದೇ ಹಾಕಿದ್ದು. ಮಣ್ಣಿನಲ್ಲಿ ಸುಣ್ಣದ ಅಂಶ ಇದ್ದೇ ಇತ್ತು. ನೀರು ಹದವಾಗಿ ಸಿಗದೆ ಅದು ಕಾಯಿಯ ತನಕ ತಲುಪುತ್ತಿರಲಿಲ್ಲ.

2024ರ ಬೇಸಿಗೆಯನ್ನು ಈ ಊರಿನವರು ಮರೆಯುವ ಹಾಗಿಲ್ಲ. ಕೊಳವೆಬಾವಿಗಳು ಬತ್ತಿ, ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಆದೇಶ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಸುಮಾರು 100 ಕಿಲೋಮೀಟರ್ ದೂರದಿಂದ ಕರೆಂಟು ಸುಟ್ಟು ಮೇಲೆತ್ತಿ ತಂದ ಕಾವೇರಿ ನೀರನ್ನು ಟೊಮ್ಯಾಟೊಗೆ ಹಾಕಿ ಅದಕ್ಕೆ ಪರಿಸರದ ಕೆಲಸ ಎಂಬ ಹೆಸರಿಡುವುದು ಸರಿಯಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟರೆ ನಾಲ್ಕು ಜನರ ಮನೆಯಲ್ಲಿ ಸೊಪ್ಪಿನ ತಟ್ಟೆಗಳಿಗೆ ಸಾಕಾಗುವಷ್ಟು ಸಿಗುತ್ತದೆ. ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಹಾಸಿದರೆ ಬೇಡಿಕೆಯೂ ಇಳಿಯುತ್ತದೆ.

ಮಳೆನೀರಿನ ಲೆಕ್ಕವಂತೂ ನನಗೆ ಬೆರಗು. 80 ಚದರ ಮೀಟರ್ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 800 ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 97 ಸೆಂಟಿಮೀಟರ್. ಒಂದು ಡ್ರಮ್ಮು ಇಟ್ಟುಕೊಂಡರೂ ಎರಡು ಮಳೆಗಳ ನಡುವಿನ ಬಿಡುವು ಕಳೆಯುತ್ತದೆ.

ಯಾವ ನೀರು ಹಾಕಬಾರದು ಎಂಬುದನ್ನೂ ಪೆಟ್ಟು ತಿಂದೇ ಕಲಿತೆ. ಆರ್‌ಒ ಯಂತ್ರ ಹೊರಬಿಡುವ ನೀರು ಪೋಲಾಗದಿರಲಿ ಎಂದು ಬಹಳ ಕಾಲ ಕುಂಡಗಳಿಗೆ ಸುರಿದೆ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು, ಎಲೆಯಂಚು ಕಂದಾಯಿತು. ಕೊಳವೆಬಾವಿ ನೀರಿನ ಲವಣವೆಲ್ಲ ಅದರಲ್ಲಿ ಮಂದವಾಗಿ ಸೇರಿರುತ್ತದೆ. ನೀರು ಮೆದುಮಾಡುವ ಸಾಫ್ಟನರಿನಿಂದ ಬಂದದ್ದೂ ಗಿಡಕ್ಕೆ ಒಗ್ಗುವುದಿಲ್ಲ, ಅದು ಸುಣ್ಣವನ್ನು ತೆಗೆದು ಸೋಡಿಯಂ ಸೇರಿಸುತ್ತದೆ. ಆರ್‌ಒ ನೀರು ಈಗ ನೆಲ ಒರೆಸಲು ಹೋಗುತ್ತದೆ.

6. ಹುಳ ಕಂಡ ಕೂಡಲೇ ಕೈ ಎತ್ತಬೇಡಿ

ಇದೊಂದನ್ನು ನೆನೆದಾಗ ಈಗಲೂ ಸಂಕಟವಾಗುತ್ತದೆ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ದಿನವೂ ಉಜ್ಜಿ ತೆಗೆಯುತ್ತಿದ್ದೆ. ಅವುಗಳ ನಡುವೆ ಸ್ವಲ್ಪ ದೊಡ್ಡದಾಗಿ, ಬಿಳಿ ಎಳೆಗಳನ್ನು ಹೊದ್ದುಕೊಂಡು ಚುರುಕಾಗಿ ಓಡುವ ಕೆಲವು ಇದ್ದವು. ಇವೇ ತಾಯಿಹುಳ ಇರಬೇಕು ಎಂದು ಅವನ್ನು ಹುಡುಕಿ ಹುಡುಕಿ ಕೊಂದೆ. ತಿಗಣೆ ಕಡಿಮೆಯಾಗುವ ಬದಲು ಇಡೀ ಗಿಡ ಮುಚ್ಚಿತು, ತಾರಸಿಯ ಬೆಂಡೆಗೂ ಹೋಯಿತು.

ಮುಂದೆ ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದಾಗ ಒಂದು ಮಳಿಗೆಯಲ್ಲಿ ಅದೇ ಹುಳದ ಚಿತ್ರ ಕಂಡೆ. ಅದು ತಿಗಣೆಯ ತಾಯಿಯಲ್ಲ, ತಿಗಣೆಯನ್ನು ತಿನ್ನುವ ಗುಲಗಂಜಿ ಹುಳದ ಮರಿ! ಹೆಸರು ಕ್ರಿಪ್ಟೊಲೀಮಸ್. ಆಸ್ಟ್ರೇಲಿಯಾದಿಂದ 1898ರಲ್ಲೇ ಭಾರತಕ್ಕೆ ತಂದದ್ದು. ದ್ರಾಕ್ಷಿ, ಕಾಫಿ ಬೆಳೆಗಾರರಿಗೆ ಹಳೆಯ ನೆಂಟ. ಬೇಟೆಯ ನಡುವೆ ಗುರುತು ಸಿಗದಿರಲೆಂದೋ ಏನೋ, ಮರಿಯಾಗಿದ್ದಾಗ ಅದು ತಿಗಣೆಯ ಹಾಗೇ ಬಿಳಿ ಮೇಣ ಹೊದ್ದಿರುತ್ತದೆ. ನನ್ನ ಗಿಡ ಉಳಿಸಲು ತಾನಾಗಿ ಬಂದಿದ್ದ ಅಷ್ಟನ್ನೂ ನಾನೇ ಕೊಂದಿದ್ದೆ. ಅಲಸಂದೆಯ ಹೇನಿನ ನಡುವೆ ಕಾಣುವ, ಕಪ್ಪು ಮೈಯ ಮೇಲೆ ಕಿತ್ತಳೆ ಚುಕ್ಕೆಯ, ಉದ್ದನೆಯ ಮುಳ್ಳುಮುಳ್ಳು ಹುಳವೂ ಗುಲಗಂಜಿ ಹುಳದ ಮರಿಯೇ. ಅದನ್ನೂ ಬಿಡಿ.

ಒಂದು ಕೀಟವನ್ನು ಇನ್ನೊಂದು ಹತೋಟಿಗೆ ತರುವುದು ಬರೀ ಹೇಳುವ ಮಾತಲ್ಲ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪರಂಗಿ ಹಿಟ್ಟು ತಿಗಣೆ ಪರಂಗಿ, ಹಿಪ್ಪುನೇರಳೆ, ಮರಗೆಣಸನ್ನು ಹಾಳುಗೆಡವುತ್ತ ಹರಡಿತ್ತು. 2010ರಲ್ಲಿ ಅದರ ಶತ್ರುಗಳಾದ ಪುಟ್ಟ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯಲ್ಲಿ ಬೆಳೆಸಿ, ತೋಟಗಳಿಗೆ ಬಿಟ್ಟರು. ಔಷಧಿಗೆ ಬಗ್ಗದಿದ್ದ ಪಿಡುಗು ಇಳಿಯಿತು.

ಈಗ ಹುಳ ಕಂಡರೆ ಮೊದಲು ಎರಡು ದಿನ ನೋಡುತ್ತೇನೆ. ತಿಗಣೆ, ಹೇನು ಇರುವ ಕಡೆ ಇರುವೆ ಸಾಲು ಇದ್ದೇ ಇರುತ್ತದೆ. ಅವು ಸಿಹಿಗಾಗಿ ಹೇನನ್ನು ಕಾಯುತ್ತವೆ, ಗುಲಗಂಜಿ ಹುಳವನ್ನು ಓಡಿಸುತ್ತವೆ. ಇರುವೆಯ ದಾರಿ ತಪ್ಪಿಸಿದರೆ ಅರ್ಧ ಕೆಲಸ ಆಯಿತು. ಹೇನನ್ನು ನೀರಿನ ರಭಸದಿಂದ ಉದುರಿಸಬಹುದು. ಹೆಚ್ಚಾದರೆ ಮಾತ್ರ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ಬೆರೆಯಲು ಸ್ವಲ್ಪ ಅಂಟುವಾಳದ ನೊರೆ. ಅದನ್ನೂ ಸಂಜೆ, ಜೇನುಗಳು ಮರಳಿದ ಮೇಲೆ. ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಕೊರಕ ಸೇರಿದೆ ಎಂದರ್ಥ; ಆ ಕುಡಿಯನ್ನು ಅವತ್ತೇ ಚಿವುಟಿ ನಾಶಮಾಡಿ. ಅದಕ್ಕಿಂತ ದೊಡ್ಡ ಔಷಧಿ ನನಗೆ ಸಿಕ್ಕಿಲ್ಲ.

7. ಹೂವು ಅರಳುವ ಹೊತ್ತು ನೋಡಿಕೊಳ್ಳಿ

ಹೀರೆ ಬಳ್ಳಿ ತುಂಬ ಹೂ, ಒಂದೂ ಕಾಯಿ ನಿಲ್ಲುತ್ತಿರಲಿಲ್ಲ. ತಾರಸಿಗೆ ಜೇನು ಬರುತ್ತಿಲ್ಲ, ನಾವೇ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಬೇಕು ಎಂದು ಓದಿ, ಬೆಳಿಗ್ಗೆ ಏಳಕ್ಕೆ ಬ್ರಷ್ಷು ಹಿಡಿದು ಹೋಗುತ್ತಿದ್ದೆ. ಆಗಲೂ ಪೀಚುಗಳೆಲ್ಲ ಹಳದಿಯಾಗಿ ಉದುರಿದವು. ಹೀರೆ ಅರಳುವುದೇ ಇಳಿಹೊತ್ತಿಗೆ ಎಂಬುದನ್ನು ಗಮನಿಸಿರಲಿಲ್ಲ. ಸೋರೆ, ಪಡವಲವೂ ಸಂಜೆಯವೇ, ಅವನ್ನು ಕೂಡಿಸುವುದು ಪತಂಗಗಳು. ಕುಂಬಳ, ಸೌತೆ, ಹಾಗಲ ಬೆಳಗಿನವು. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂಗಳು ಮಾತ್ರ, ಅವು ಉದುರಿದರೆ ಗಾಬರಿ ಬೇಡ. ಒಂದು ಕುಂಡದಲ್ಲಿ ತುಳಸಿ, ಕಾಮಕಸ್ತೂರಿಯನ್ನು ಚಿವುಟದೆ ಹೂವಿಗೆ ಬಿಟ್ಟ ಮೇಲೆ ನಮ್ಮಲ್ಲಿಗೆ ತುಡುವೆ, ಕೋಲುಜೇನು ಎರಡೂ ಬರುತ್ತಿವೆ. ಬ್ರಷ್ಷಿನ ಕೆಲಸ ಬಹುಪಾಲು ನಿಂತಿದೆ.

8. ಇಲ್ಲಿನ ಕಾಲ, ಇಲ್ಲಿನ ಬೀಜ

ಅವರೆ ಇಲ್ಲದ ತೋಟ ಎಂಥದು ಎಂದು ಫೆಬ್ರುವರಿಯಲ್ಲಿ ಬಿತ್ತಿದೆ. ಬಳ್ಳಿ ಟ್ಯಾಂಕಿನ ಮೇಲೆ ಹತ್ತಿತು, ತಂತಿ ಹಿಡಿದು ಓಡಿತು, ಹೂ ಮಾತ್ರ ಬಿಡಲಿಲ್ಲ. ಗೊಬ್ಬರ ಬದಲಿಸಿದೆ, ಕುಡಿ ಚಿವುಟಿದೆ. ನಮ್ಮ ಸೊಗಡಿನ ಅವರೆ ಹಗಲು ಗಿಡ್ಡವಾಗುತ್ತ ಬಂದಾಗಲೇ ಹೂಬಿಡುವ ಜಾತಿ. ಮಳೆಗಾಲದಲ್ಲಿ ಬಿತ್ತಿ ಮಾಗಿ ಚಳಿಯಲ್ಲಿ ಕಾಯಿ ಕೀಳುವುದು ಅದಕ್ಕೇ. ಕಾಲದ ಹಂಗಿಲ್ಲದೆ ಬೆಳೆಯಬೇಕೆನ್ನುವವರಿಗೆ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ, ಗಿಡ್ಡನೆಯ ಗಿಡವಾದ್ದರಿಂದ ಕುಂಡಕ್ಕೂ ಒಗ್ಗುತ್ತವೆ. ಸೊಗಡು ಬೇಕೆನ್ನುವವರು ಕಾಯಬೇಕು. ನಾನು ಕಾಯುವವರ ಸಾಲಿನವಳು.

ಟೊಮ್ಯಾಟೊ, ಬೆಂಡೆಯ ವಿಷಯದಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳು ನನ್ನನ್ನು ಮತ್ತೆ ಎತ್ತಿ ನಿಲ್ಲಿಸಿದವು. ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆಮುದುರು ನಂಜು, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಅರ್ಕಾ ಅನಾಮಿಕಾ ಬೆಂಡೆಗೆ ಹಳದಿ ನಂಜು ತಟ್ಟುವುದು ಕಡಿಮೆ. ಒಂದು ವ್ಯತ್ಯಾಸ ತಿಳಿದಿರಿ: ರಕ್ಷಕ್ ಸಂಕರಣ ತಳಿ, ಅದರ ಬೀಜ ತೆಗೆದಿಟ್ಟರೆ ಮುಂದಿನ ಗಿಡ ತಾಯಿಯಂತೆ ಬರುವುದಿಲ್ಲ. ಅನಾಮಿಕಾದ್ದು ಇಡಬಹುದು. ನಾಟಿ ಬೀಜ ಬೇಕಾದವರು ಸಹಜ ಸಮೃದ್ಧದವರು ನಡೆಸುವ ಬೀಜ ಮೇಳಗಳಿಗೆ ಹೋಗಿ. ಅವರೆ, ಹುರುಳಿಕಾಯಿ, ನಾಟಿ ಟೊಮ್ಯಾಟೊ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ಸುಲಭ, ಅವು ತಮ್ಮಷ್ಟಕ್ಕೆ ತಾವೇ ಕಾಯಿಕಟ್ಟುತ್ತವೆ. ಕುಂಬಳ, ಸೌತೆಯವು ಅಕ್ಕಪಕ್ಕದ ತಳಿಯೊಂದಿಗೆ ಬೆರೆಯುತ್ತವೆ.

9. ಖರ್ಚಿನ ಲೆಕ್ಕ ಬರೆದಿಡಿ

ಮೊದಲ ಕೆಲವು ವರ್ಷ ನಾನು ಬರೆದಿಡಲಿಲ್ಲ, ಬರೆಯಲು ಹೆದರಿಕೆ ಇತ್ತು. ಚೀಲ, ನಾರಿನ ಪುಡಿ, ಎರೆಗೊಬ್ಬರ, ಹನಿನೀರಾವರಿ ಕಿಟ್ಟು, ನೆರಳು ಪರದೆ ಎಲ್ಲ ಸೇರಿಸಿದರೆ ನಮ್ಮ ಟೊಮ್ಯಾಟೊ ಮಾರುಕಟ್ಟೆಯ ಎಷ್ಟೋ ಪಟ್ಟು ದುಬಾರಿ ಬಿದ್ದಿತ್ತು. ಅಗ್ಗದ ಚೀಲಗಳು ಬಿಸಿಲಿಗೆ ಪುಡಿಪುಡಿಯಾಗಿ ಪ್ಲಾಸ್ಟಿಕ್ ಚೂರು ಮಣ್ಣಿಗೇ ಸೇರಿದವು. ಬರೆಯತೊಡಗಿದ ಮೇಲೆ ಖರೀದಿ ಇಳಿಯಿತು: ಒಡೆದ ಬಕೆಟ್ಟು, ಹಳೆಯ ಸಿಂಟೆಕ್ಸ್ ಟ್ಯಾಂಕಿನ ಹೋಳು, ಹಣ್ಣಿನ ಕ್ರೇಟು, ಇವುಗಳಲ್ಲೇ ಬೆಳೆ ನಡೆಯುತ್ತಿದೆ. ಇವತ್ತು ನಮ್ಮ ತಾರಸಿ ವಾರದಲ್ಲಿ ಹಲವು ದಿನದ ಸೊಪ್ಪು, ಹಸಿಮೆಣಸಿನಕಾಯಿ, ಋತುವಿಗೆ ತಕ್ಕ ಒಂದೆರಡು ತರಕಾರಿ ಕೊಡುತ್ತದೆ. ಅಕ್ಕಿ, ರಾಗಿ, ಬೇಳೆ, ಈರುಳ್ಳಿ, ಎಣ್ಣೆ ಎಲ್ಲ ರೈತರದ್ದೇ. ನಗರ ತನ್ನ ಊಟ ತಾನೇ ಬೆಳೆದುಕೊಳ್ಳುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಒಂದು ಕಂತೆ ದಂಟು ಬೆಳೆಯಲು ಎಷ್ಟು ನೀರು, ಎಷ್ಟು ಬಗ್ಗಿದ ಬೆನ್ನು ಬೇಕು ಎಂಬುದು ಗೊತ್ತಾದ ಮೇಲೆ ಸೊಪ್ಪಿನ ಗಾಡಿಯವರ ಹತ್ತಿರ ಚೌಕಾಸಿ ಮಾಡಲು ನನಗೆ ಬಾಯಿ ಬರುತ್ತಿಲ್ಲ. ಆದರೆ ಎಲ್ಲಿ ಬೆಳೆದದ್ದು ಎಂದು ಕೇಳುತ್ತೇನೆ. ಊರಿನ ಕೊಳಚೆ ಹರಿಯುವ ಕಾಲುವೆಯ ನೀರಿನಲ್ಲಿ ಬೆಳೆದ ಸೊಪ್ಪಿಗೆ ಭಾರಲೋಹಗಳು ಸೇರುತ್ತವೆ. ಆ ಕಾಲುವೆಯನ್ನು ಕೆಡಿಸಿದವರು ನಾವು, ಬೇರೆ ನೀರಿಲ್ಲದೆ ಅದನ್ನು ಹಾಯಿಸುವವರು ಅವರು.

10. ಹಣ್ಣು ನೊಣದ ಪಾಠ ಇನ್ನೂ ಮುಗಿದಿಲ್ಲ

ಹಾಗಲ, ಹೀರೆ, ಸೌತೆಯ ಎಳೆಕಾಯಿ ಸೊಟ್ಟಗಾಗಿ, ಒತ್ತಿದರೆ ಮೆತ್ತಗಾಗಿ, ಕುಯ್ದರೆ ಒಳಗೆಲ್ಲ ಬಿಳಿ ಹುಳ. ಹಣ್ಣು ನೊಣ ಎಳೆಕಾಯಿಯ ಸಿಪ್ಪೆಯೊಳಗೆ ಮೊಟ್ಟೆ ಚುಚ್ಚುತ್ತದೆ, ಮರಿ ತಿರುಳು ತಿಂದು ಬಲಿತು ಮಣ್ಣಿಗಿಳಿದು ಕೋಶವಾಗುತ್ತದೆ. ಕೆಟ್ಟ ಕಾಯಿಗಳನ್ನು ಸುಮ್ಮನೆ ಎಸೆಯಬಾರದೆಂದು ನಾನು ಕಾಂಪೋಸ್ಟಿಗೆ ಹಾಕಿದೆ, ಆ ಕಾಂಪೋಸ್ಟನ್ನು ಅದೇ ಬಳ್ಳಿಗೆ ಹಾಕಿದೆ. ಮರುವರ್ಷ ನೊಣ ಇಮ್ಮಡಿಯಾಯಿತು.

ಹುಳಬಿದ್ದ ಕಾಯಿಯನ್ನು ಈಗ ನೀರು ತುಂಬಿದ ಮುಚ್ಚಳದ ಬಕೆಟ್ಟಿನಲ್ಲಿ ಒಂದು ವಾರ ಮುಳುಗಿಸಿಟ್ಟು, ಆಮೇಲಷ್ಟೇ ಕಾಂಪೋಸ್ಟಿಗೆ ಹಾಕುತ್ತೇನೆ. ಕ್ಯೂ ಲೂರ್ ಎಂಬ ಮೋಹಕ ಬಲೆಯನ್ನೂ ತೂಗುಹಾಕಿದ್ದೇನೆ. ಅದಕ್ಕೆ ಬೀಳುವುದು ಗಂಡು ನೊಣಗಳು ಮಾತ್ರ. ಅಕ್ಕಪಕ್ಕದ ತಾರಸಿಯವರೂ ಹಾಕದಿದ್ದರೆ ಆಚೆಯಿಂದ ಬರುವುದು ನಿಲ್ಲುವುದಿಲ್ಲ. ಹೂ ಉದುರಿದ ಎರಡೇ ದಿನದಲ್ಲಿ ಪೀಚನ್ನು ಹಳೆಯ ಪಂಚೆಯ ತುಂಡಿನಲ್ಲಿ ಹೊಲಿದ ಚೀಲಕ್ಕೆ ಇಳಿಸಿ ಬಾಯಿ ಕಟ್ಟುವುದು ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದಿದೆ. ಹಾಗಲಕ್ಕೆ ಗೇಣುದ್ದದ ಚೀಲ ಸಾಕು, ಹೀರೆಗೆ ಎರಡು ಗೇಣು. ಪಡವಲಕ್ಕೆ ಎಷ್ಟುದ್ದ ಹೊಲಿಯಬೇಕು, ಅಥವಾ ಬೇರೆ ಉಪಾಯ ಏನಾದರೂ ಇದೆಯೇ ಎಂದು ಬೆಳೆದು ಗೆದ್ದವರು ಹೇಳಿಕೊಟ್ಟರೆ ಈ ಸಲದ ಬೀಜ ಹಾಕುವ ಮೊದಲೇ ಹೊಲಿದಿಟ್ಟುಕೊಳ್ಳುತ್ತೇನೆ.